ಸಕಾರ ನುಂಗುವ ಸ್ಪೀಕರು

ಹಳೆಯ ಸ್ಪೀಕರಿನಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ಟ್ವೀಟರ್. ಅದು ಸತ್ತದ್ದು ಮನೆಯವರಿಗೆ ತಿಳಿಯುವುದು ಮಾತ್ರ ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಸ್ವರಗಳ ವೂಫರ್ ಕೆಟ್ಟರೆ ಡಬ್ಬ ಗೊರಗೊರ ಅನ್ನುತ್ತದೆ, ಯಾರಾದರೂ ಎದ್ದು ಹೋಗಿ ಆಫ್ ಮಾಡುತ್ತಾರೆ. ಟ್ವೀಟರ್ ಹೋದರೆ ಅಂಥ ಗಲಾಟೆಯೇ ಇಲ್ಲ. ಹಾಡು ತನ್ನ ಪಾಡಿಗೆ ನಡೆಯುತ್ತಿರುತ್ತದೆ, ತುಸು ಮಂಕಾಗಿ. ‘ಹಳೇ ಸೆಟ್ಟು, ಇಷ್ಟೇ ಇದರ ಯೋಗ್ಯತೆ’ ಅಂದುಕೊಂಡು ವರ್ಷಗಟ್ಟಲೆ ಅದರಲ್ಲೇ ಕೇಳಿದವರನ್ನು ನಾನು ಬಲ್ಲೆ.

ನಾನು ಮೈಸೂರಿನಲ್ಲಿ ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಮಾಡುವವನು. ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಸೋದರಮಾವನ ಬೆಂಚಿನಲ್ಲಿ ಕೂತು ಕೆಲಸ ಕಲಿತೆ. ಈಗ ನನ್ನ ಬೆಂಚಿಗೆ ಬರುವುದು ಹೆಚ್ಚಾಗಿ ಅಟ್ಟದಿಂದ ಇಳಿದ ಡಬ್ಬಗಳು. ಫಿಲಿಪ್ಸ್, ಕೋಲ್ಕತ್ತದ ಸೋನೋಡೈನ್, ಗಲ್ಫಿಗೆ ಹೋದವರು ಹೊತ್ತು ತಂದ ಜಪಾನಿನ ಸೆಟ್ಟುಗಳು, ಅಪರೂಪಕ್ಕೊಮ್ಮೆ ಇಂಗ್ಲೆಂಡಿನ ರೋಜರ್ಸ್ ಅಥವಾ ಸ್ಪೆಂಡಾರ್. ತಂದವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ: “ಇದಕ್ಕೊಂದು ಒಳ್ಳೇ ಟ್ವೀಟರ್ ಹಾಕ್ಕೊಡ್ರೀ.” ಆ ‘ಒಳ್ಳೇ’ ಅನ್ನುವ ಕಡೆಯೇ ನನ್ನ ತಕರಾರು. ಹಳೆಯ ಡಬ್ಬ ಕೇಳುವುದು ಒಳ್ಳೆಯ ಟ್ವೀಟರನ್ನಲ್ಲ, ತನ್ನ ಟ್ವೀಟರನ್ನು.

ಅದೇಕೆ ಅನ್ನುವುದಕ್ಕೆ ಮೊದಲು ಟ್ವೀಟರ್ ಮಾಡುವ ಕೆಲಸ ಏನೆಂದು ನೋಡಬೇಕು. ಸೆಕೆಂಡಿಗೆ ಸಾವಿರ ಸಲ ಕಂಪಿಸುವ ದನಿಯ ಅಲೆ ಗಾಳಿಯಲ್ಲಿ ಸುಮಾರು 34 ಸೆಂಟಿಮೀಟರ್ ಉದ್ದ. ಹದಿನೈದು ಸಾವಿರ ಸಲ ಕಂಪಿಸಿದರೆ ಅಲೆ ಎರಡೂಕಾಲು ಸೆಂಟಿಮೀಟರಿಗೆ ಇಳಿಯುತ್ತದೆ. ಎಂಟಿಂಚಿನ ವೂಫರಿಗೆ ಅಷ್ಟು ಚಿಕ್ಕ ಅಲೆಯನ್ನು ಕೋಣೆಯ ತುಂಬ ಹರಡಲು ಆಗದು. ಅದರ ಕೋನ್ ಭಾರ, ಹೊಮ್ಮುವ ದನಿಯೂ ಮೂಗಿನ ನೇರಕ್ಕೆ ಮಾತ್ರ ಹೋಗುತ್ತದೆ. ಆದ್ದರಿಂದ ಮೇಲಿನ ಸ್ವರಗಳಿಗೆ ಇಪ್ಪತ್ತು, ಇಪ್ಪತ್ತೈದು ಮಿಲಿಮೀಟರಿನ ಹಗುರ ಗುಮ್ಮಟ ಬೇಕು. ಅದೇ ಟ್ವೀಟರ್. ಯಾವ ದನಿ ಯಾರಿಗೆ ಎಂದು ಪಾಲು ಮಾಡಿಕೊಡುವ ಕಂಡೆನ್ಸರ್, ಕಾಯಿಲ್, ರೆಸಿಸ್ಟರುಗಳ ಹಲಗೆ ಕ್ರಾಸೋವರ್. ಅನೇಕ ಹಳೆಯ ಡಬ್ಬಗಳಲ್ಲಿ ಈ ಪಾಲು ಆಗುವುದು ಎರಡು ಸಾವಿರದಿಂದ ಐದು ಸಾವಿರ ಹರ್ಟ್ಸ್ ನಡುವೆ ಎಲ್ಲೋ ಒಂದು ಕಡೆ.

ಸತ್ತಿದೆಯೋ, ಸುಮ್ಮನಿದೆಯೋ

ಗಿರಾಕಿಗಳಿಗೆ ನಾನು ಹೇಳುವ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಕನ್ನಡ ವಾರ್ತೆ ಹಾಕಿ, ಸ, ಶ, ಚ ಬರುವ ಕಡೆ ಕಿವಿಗೊಡಿ. ಅವುಗಳ ಸಿಳ್ಳಿನ ಶಕ್ತಿ ಬಹುಪಾಲು ಟ್ವೀಟರಿನ ಪಾಲಿಗೆ ಬರುವ ಮೇಲಿನ ಆವರ್ತನಗಳಲ್ಲಿದೆ. ಟ್ವೀಟರ್ ಇಲ್ಲದ ಡಬ್ಬದಲ್ಲಿ ‘ಸರ್ಕಾರ’ದ ಸಕಾರ ಕಂಬಳಿ ಹೊದ್ದಂತೆ ಕೇಳುತ್ತದೆ. ಖಂಜಿರದ ಗಿಲಕು, ಭಜನೆಯ ತಾಳ ಎರಡೂ ಮಾಯವಾಗುತ್ತವೆ. ತಂಬೂರಿಯ ಜೀವ ಹೋಗಿ ಬರೀ ಗುಂಯ್‌ಗಾಟ ಉಳಿಯುತ್ತದೆ.

ಈ ಪರೀಕ್ಷೆಯನ್ನು ಮನೆಯ ಹಿರಿಯರೊಬ್ಬರೇ ಮಾಡಬಾರದು. ವಯಸ್ಸಾದಂತೆ ಕಿವಿ ಮೇಲಿನಿಂದಲೇ ಕರಗುತ್ತ ಬರುತ್ತದೆ, ಅದೂ ಗಂಡಸರಿಗೆ ಬೇಗ. ಸ್ಪೆಂಡಾರ್ ಬಿಸಿ1 ಎಂಬ ಇಂಗ್ಲಿಷ್ ಸ್ಪೀಕರಿನಲ್ಲಿ ಎರಡು ಟ್ವೀಟರುಗಳಿವೆ: ಮೂರು ಸಾವಿರದಿಂದ ಮೇಲಕ್ಕೆ ಸೆಲೆಸ್ಟಿಯನ್ ಎಚ್‌ಎಫ್1300, ಹದಿಮೂರು ಸಾವಿರದ ಆಚೆಗೆ ಕೋಲ್ಸ್ 4001. ಎರಡನೆಯದು ಸತ್ತರೆ ಅರವತ್ತು ದಾಟಿದ ಯಜಮಾನರಿಗೆ ಹೆಚ್ಚಾಗಿ ಗೊತ್ತೇ ಆಗುವುದಿಲ್ಲ. ಮೊಮ್ಮಗಳನ್ನು ಕೂರಿಸಿಕೊಳ್ಳಿ ಅನ್ನುತ್ತೇನೆ.

ಮುಂದಿನ ಹೆಜ್ಜೆ, ಎಡಬಲದ ತಂತಿಗಳನ್ನು ಆಂಪ್ಲಿಫೈಯರಿನ ಹಿಂದೆ ಅದಲು ಬದಲು ಮಾಡುವುದು. ಮಂಕುತನ ಅದೇ ಡಬ್ಬದಲ್ಲಿ ಉಳಿದರೆ ದೋಷ ಡಬ್ಬದ್ದು, ಇನ್ನೊಂದು ಕಡೆಗೆ ಜಿಗಿದರೆ ಆಂಪ್ಲಿಫೈಯರಿನದು. ಡಬ್ಬದ್ದೇ ಎಂದಾದರೆ ರಟ್ಟಿನ ಕೊಳವೆಯೊಂದನ್ನು ಟ್ವೀಟರಿನ ಮುಂದೆ ಹಿಡಿದು, ದನಿ ಸಣ್ಣಗಿಟ್ಟು, ಇನ್ನೊಂದು ತುದಿಗೆ ಕಿವಿ ಇಡಿ. ಏನೂ ಇಲ್ಲವೆಂದರೂ ತೀರ್ಪು ಕೊಡಬೇಡಿ, ಟ್ವೀಟರಿಗೆ ಕರೆಂಟು ತಲುಪುತ್ತಿದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಅಕೂಸ್ಟಿಕ್ ರಿಸರ್ಚ್ ಕಂಪನಿಯ ಎಆರ್-3ಎ. ಗುಮ್ಮಟದ ಆಕಾರದ ಟ್ವೀಟರನ್ನು ಮನೆಯ ಸ್ಪೀಕರಿಗೆ ತಂದದ್ದು ಇದೇ ಕಂಪನಿಯ ಎಡ್ಗರ್ ವಿಲ್ಚರ್, 1958ರ ಎಆರ್-3ರಲ್ಲಿ. ಅದುವರೆಗೆ ಟ್ವೀಟರೆಂದರೆ ಹೆಚ್ಚಾಗಿ ಕಾಗದದ ಪುಟ್ಟ ಕೋನ್, ಇಲ್ಲವೇ ಹಾರ್ನ್. 1967ರ 3ಎ ಡಬ್ಬದ ಬೆನ್ನಿಗೆ ಮಧ್ಯಸ್ವರಕ್ಕೊಂದು, ಟ್ವೀಟರಿಗೊಂದು ತಿರುಗಿಸುವ ಕಂಟ್ರೋಲ್ ಇದೆ. ಐವತ್ತು ವರ್ಷದ ತೇವಕ್ಕೆ ಅದರೊಳಗೆ ಕಿಲುಬು ಹಿಡಿದು ಟ್ವೀಟರಿಗೆ ಹೋಗುವ ದಾರಿಯೇ ಮುಚ್ಚಿಕೊಳ್ಳುತ್ತದೆ. ಸತ್ತಿದೆ ಎಂದು ಜನ ಬಿಚ್ಚಿ ಎಸೆದ ಟ್ವೀಟರುಗಳಲ್ಲಿ ಜೀವಂತ ಇದ್ದವು ಎಷ್ಟೋ. ಹಿಂದೆ ಇಂಥ ಗುಂಡಿ ಇದ್ದರೆ ಮೊದಲು ಅದನ್ನು ಹತ್ತಾರು ಸಲ ಪೂರ್ತಿ ತಿರುಗಿಸಿ ನೋಡಿ. ನಡುವೆ ಎಲ್ಲಾದರೂ ಕರಕರ ಎಂದು ದನಿ ಮಿಂಚಿ ಹೋದರೆ ಟ್ವೀಟರಿಗೇನೂ ಆಗಿಲ್ಲ.

ಗುಂಡಿ ಇಲ್ಲದ ಡಬ್ಬದಲ್ಲಿ ಅನುಮಾನ ಕಂಡೆನ್ಸರಿನ ಮೇಲೆ. ಹಳೆಯ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಒಳಗೇ ಒಣಗುತ್ತದೆ. ಒಣಗಿದಷ್ಟೂ ಟ್ವೀಟರಿಗೆ ಹೋಗುವ ಪಾಲು ಕಡಿಮೆ. ನೂರಿನ್ನೂರು ರೂಪಾಯಿಯೊಳಗೆ ಮುಗಿಯಬಹುದಾದ ಈ ಕೆಲಸವನ್ನು ಬಿಟ್ಟು ಟ್ವೀಟರಿಗೆ ಕೈ ಹಾಕುವುದು ನನ್ನ ಪದ್ಧತಿಯಲ್ಲ.

ಇಷ್ಟೆಲ್ಲ ಆದ ಮೇಲೆ ಮಲ್ಟಿಮೀಟರ್. ಟ್ವೀಟರಿನ ಒಂದು ತಂತಿಯನ್ನಾದರೂ ಬಿಡಿಸಿ ಅಳೆಯಬೇಕು. ಬಿಡಿಸದಿದ್ದರೆ ಪಕ್ಕದ ರೆಸಿಸ್ಟರ್, ಕಾಯಿಲುಗಳ ಅಳತೆ ಬೆರೆತು ಸತ್ತದ್ದೂ ಬದುಕಿದಂತೆ ತೋರುತ್ತದೆ. ಎಂಟು ಓಂ ಎಂದು ಬರೆದ ಟ್ವೀಟರಿಗೆ ಮೀಟರು ಐದೂವರೆಯಿಂದ ಏಳರ ನಡುವೆ ತೋರಿಸಬೇಕು, ನಾಲ್ಕು ಓಂನದಕ್ಕೆ ಮೂರರ ಆಸುಪಾಸು. ಬರೆದದ್ದಕ್ಕಿಂತ ಕಡಿಮೆ ಬಂತೆಂದು ಹೆದರಬೇಕಿಲ್ಲ. ಮೀಟರು ತಂತಿಯನ್ನಷ್ಟೇ ಅಳೆಯುತ್ತದೆ, ಹಾಡುವಾಗಿನ ಅಡ್ಡಿ ಬೇರೆ. ಮುಳ್ಳು ಅಲ್ಲಾಡದಿದ್ದರೆ ಗುಮ್ಮಟವನ್ನು ಅಲುಗಿಸುವ ಕಾಯಿಲ್ ಓಪನ್, ಅಂದರೆ ಅದರ ತಂತಿ ಕಡಿದಿದೆ. ಇದಕ್ಕೂ ಒಂದು ಅಪವಾದ ಉಂಟು. ಮೈಕ್‌ಸೆಟ್ಟಿನವರು ಬಳಸುವ ಪೀಜೋ ಟ್ವೀಟರಿನಲ್ಲಿ ಕಾಯಿಲೇ ಇಲ್ಲ, ಹರಳಿನ ಬಿಲ್ಲೆ ಇದೆ. ಅದು ಗಟ್ಟಿಮುಟ್ಟಾಗಿದ್ದಾಗಲೂ ಮೀಟರಿನಲ್ಲಿ ಓಪನ್ ಅಂತಲೇ ತೋರುತ್ತದೆ.

ಬೆನ್ನಿನ ಮೇಲಿನ ಕುಲಗೋತ್ರ

ಓಪನ್ ಆಗಿರುವುದು ಖಚಿತವಾದರೆ ಬಿಚ್ಚಬೇಕು. ಇಲ್ಲಿ ಕೆಟ್ಟು ಹೋಗುವಷ್ಟು ಟ್ವೀಟರುಗಳು ಜೋರು ಹಾಡಿನಿಂದಲೂ ಕೆಡುವುದಿಲ್ಲವೇನೋ. ಒಳಗಿನ ಮ್ಯಾಗ್ನೆಟ್ಟಿನ ಸೆಳೆತಕ್ಕೆ ಸ್ಕ್ರೂಡ್ರೈವರ್ ಕೈ ಜಾರಿ ನೇರ ಗುಮ್ಮಟದೊಳಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲು ಗುಮ್ಮಟದ ಮೇಲೆ ದಪ್ಪ ರಟ್ಟು ಅಂಟಿಸಿ, ಆಮೇಲೆ ತಿರುಪಿಗೆ ಕೈ ಹಾಕಿ. ಯಾವ ಬಣ್ಣದ ತಂತಿ ಯಾವ ಕಡೆಗೆ ಎಂದು ಫೋಟೊ ತೆಗೆದುಕೊಳ್ಳಿ. ಅನೇಕ ಕ್ರಾಸೋವರುಗಳಲ್ಲಿ ಟ್ವೀಟರಿನ ಪ್ಲಸ್ ಮೈನಸ್ಸುಗಳನ್ನು ಬೇಕೆಂದೇ ತಿರುಗಿಸಿ ಕೊಟ್ಟಿರುತ್ತಾರೆ. ‘ತಪ್ಪು’ ಎಂದು ನೀವು ಅದನ್ನು ಸರಿಪಡಿಸಿದರೆ ಪಾಲಾಗುವ ಜಾಗದಲ್ಲಿ ವೂಫರೂ ಟ್ವೀಟರೂ ಒಂದನ್ನೊಂದು ಅಳಿಸಿ ದನಿಯಲ್ಲಿ ಹಳ್ಳ ಬೀಳುತ್ತದೆ.

ಜಾಲರಿಯ ಮೇಲಿನ ಹೆಸರು ಡಬ್ಬ ಮಾಡಿದವರದು, ಟ್ವೀಟರ್ ಮಾಡಿದವರದಾಗಿರಬೇಕಿಲ್ಲ. ಬಿ ಆ್ಯಂಡ್ ಡಬ್ಲ್ಯು ಕಂಪನಿಯ ಡಿಎಂ2ನಲ್ಲೂ ಮೇಲೆ ಹೇಳಿದ ಸೆಲೆಸ್ಟಿಯನ್ನೇ ಇದೆ. ಡೆನ್ಮಾರ್ಕಿನ ಪೀರ್‌ಲೆಸ್, ನಾರ್ವೆಯ ಸಿಯಾಸ್, ಫ್ರಾನ್ಸಿನ ಆಡಾಕ್ಸ್, ಹಾಲೆಂಡಿನ ಫಿಲಿಪ್ಸ್, ಇವರೆಲ್ಲ ಊರೆಲ್ಲರ ಡಬ್ಬಗಳಿಗೆ ಟ್ವೀಟರ್ ಮಾಡಿಕೊಟ್ಟವರು. ಹಾಗಾಗಿ ಹುಡುಕಬೇಕಾದ್ದು ಮ್ಯಾಗ್ನೆಟ್ಟಿನ ಬೆನ್ನಿನ ಮೇಲೆ.

ಅಲ್ಲಿನ ಅಂಕೆಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಫಿಲಿಪ್ಸಿನದು ಎಡಿ0160/ಟಿ8 ಎಂದಿದ್ದರೆ ಎಡಿ0160 ಒಂದಿಂಚಿನ ಗುಮ್ಮಟದ ಮಾದರಿ, ಟಿ ಅಂದರೆ ಟ್ವೀಟರ್, ಕೊನೆಯ ಎಂಟು ಅದರ ಓಂ. ಅದೇ ಮಾದರಿ ಟಿ15 ಎಂದು ಹದಿನೈದು ಓಂನಲ್ಲೂ ಬರುತ್ತಿತ್ತು, ನೋಡಲು ಅವಳಿ. ಅಮೆರಿಕದವುಗಳ ಮೇಲೆ ಆರು ಅಥವಾ ಏಳು ಅಂಕೆಯ ಮುದ್ರೆ ಇರುತ್ತದೆ. ಮೊದಲ ಮೂರು ತಯಾರಕರ ಗುರುತು: 137 ಸಿಟಿಎಸ್, 220 ಜೆನ್ಸನ್, 328 ಯೂಟಾ. ಉಳಿದದ್ದು ವರ್ಷ ಮತ್ತು ವಾರ. 1377312 ಎಂದರೆ ಸಿಟಿಎಸ್‌ನವರು 1973ರ ಹನ್ನೆರಡನೇ ವಾರ ಮಾಡಿದ್ದು. ವರ್ಷಕ್ಕೆ ಒಂದೇ ಅಂಕೆ ಕೊಟ್ಟಿದ್ದರೆ ದಶಕವನ್ನು ಡಬ್ಬ ನೋಡಿ ಊಹಿಸಬೇಕು.

ಮುದ್ರೆ ಅಳಿಸಿದ್ದರೆ ಅಳತೆಯೇ ಗತಿ. ಮುಂದಿನ ತಟ್ಟೆಯ ವ್ಯಾಸ, ಡಬ್ಬದ ತೂತಿನ ವ್ಯಾಸ, ತಿರುಪಿನಿಂದ ತಿರುಪಿಗೆ ದೂರ, ಮ್ಯಾಗ್ನೆಟ್ಟಿನ ಆಳ, ಗುಮ್ಮಟದ ಅಗಲ, ಅದು ಬಟ್ಟೆಯದೋ ಪ್ಲಾಸ್ಟಿಕ್ ಹಾಳೆಯದೋ ಲೋಹದ್ದೋ. ಲೋಹವಾದರೆ ಒಂದು ಎಚ್ಚರಿಕೆ. ಯಮಾಹಾದ 1974ರ ಎನ್‌ಎಸ್-1000ಎಂ ಸ್ಪೀಕರಿನ ಗುಮ್ಮಟಗಳು ಬೆರಿಲಿಯಂ ಲೋಹದವು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒಡೆದದ್ದು ಕಂಡರೆ ಕೆರೆಯಬೇಡಿ, ಊದಬೇಡಿ, ಮುಚ್ಚಿಟ್ಟು ತಿಳಿದವರನ್ನು ಕೇಳಿ.

ಅಪ್ಪನ ಡಬ್ಬದಲ್ಲಿ ಮಗು ಬೆರಳಿಟ್ಟು ಗುಮ್ಮಟವನ್ನು ಒಳಗೆ ಒತ್ತಿದ್ದರೆ ಅದು ಸಾವಲ್ಲ. ಬಟ್ಟೆಯ ಗುಮ್ಮಟವನ್ನು ಅಂಟುಪಟ್ಟಿಯಿಂದ ನಿಧಾನ ಹೊರಗೆಳೆಯಬಹುದು. ಓಪನ್ ಆದದ್ದರಲ್ಲೂ ಕೆಲವನ್ನು ಉಳಿಸಬಹುದು. ತಂತಿ ಕಾಯಿಲಿನೊಳಗೆ ಸುಡದೆ, ಹೊರಗೆ ಬೆಸುಗೆಯ ಬಳಿ ಮುರಿದಿದ್ದರೆ ಭೂತಗನ್ನಡಿ ಹಿಡಿದು ಮತ್ತೆ ಸೇರಿಸಬಹುದು. ಇನ್ನೊಂದು ಬಗೆ, ಸಾಯದೆ ಬರೀ ಮಂಕಾದವು. ಎಪ್ಪತ್ತರ ದಶಕದಿಂದ ಈಚೆಗೆ ಅನೇಕ ಟ್ವೀಟರುಗಳಲ್ಲಿ ಕಾಯಿಲಿನ ಬಿಸಿ ಹೀರಲು ಫೆರೋಫ್ಲೂಯಿಡ್ ಎಂಬ ಕಾಂತೀಯ ದ್ರವ ಹಾಕುತ್ತ ಬಂದಿದ್ದಾರೆ. ಈ ದ್ರವ 1963ರಲ್ಲಿ ನಾಸಾದಲ್ಲಿ ರಾಕೆಟ್ ಇಂಧನದ ಸಲುವಾಗಿ ಹುಟ್ಟಿದ್ದು. ದಶಕಗಳು ಕಳೆದರೆ ಅದು ಅಂಟಾಗಿ ಕಾಯಿಲನ್ನು ಹಿಡಿದುಕೊಳ್ಳುತ್ತದೆ. ಮೀಟರಿನಲ್ಲಿ ಎಲ್ಲ ಸರಿ, ದನಿ ಮಾತ್ರ ಕುಗ್ಗಿರುತ್ತದೆ. ಒತ್ತುಕಾಗದದ ಪಟ್ಟಿಗಳಿಂದ ಹಳೆಯದನ್ನು ಹೀರಿ ತೆಗೆದು ಅದೇ ದಪ್ಪದ ಹೊಸ ದ್ರವವನ್ನು ಹನಿ ಲೆಕ್ಕದಲ್ಲಿ ಹಾಕಿದರೆ ಟ್ವೀಟರ್ ಎದ್ದು ಕೂರುತ್ತದೆ.

ಬಲಗಡೆಗೆ ಸರಿಯುವ ಗಾಯಕಿ

ನಿವೃತ್ತ ಪ್ರೊಫೆಸರೊಬ್ಬರು ರೋಜರ್ಸ್ ಎಲ್‌ಎಸ್3/5ಎ ಜೋಡಿ ತಂದಿದ್ದರು. ಇಂಗ್ಲೆಂಡಿನಲ್ಲಿ ಓದುವಾಗ ಕೊಂಡದ್ದು. ಬಲಗಡೆಯದಕ್ಕೆ ಬೇರೊಂದು ಕಡೆ ಹೊಸ ರೇಷ್ಮೆ ಗುಮ್ಮಟದ ಟ್ವೀಟರ್ ಹಾಕಿಸಿಯಾಗಿತ್ತು.

“ಎಡಗಡೆಗೂ ಇದನ್ನೇ ಹಾಕಿಬಿಡಿ. ಇದೇ ಚೆನ್ನಾಗಿ ಕೇಳ್ತಿದೆ,” ಅಂದರು.

ಜೊತೆಗೆ ಬಂದಿದ್ದ ಅವರ ಮನೆಯವರು ಸುಮ್ಮನಿರಲಿಲ್ಲ. “ಏನು ಚೆನ್ನಾಗಿ? ಹಾಡೋಳು ಮಧ್ಯದಲ್ಲಿರ್ತಾಳೆ, ‘ಸ’ ಬಂದ್ರೆ ಬಲಗಡೆಗೆ ಓಡಿಹೋಗ್ತಾಳೆ.”

“ಅಮ್ಮ ಹೇಳಿದ್ದೇ ಸರಿ, ಸಾರ್,” ಅಂದೆ.

ಈ ಪುಟ್ಟ ಡಬ್ಬದ ಚರಿತ್ರೆಯೇ ನನ್ನ ವಾದಕ್ಕೆ ಸಾಕ್ಷಿ. ಬಿಬಿಸಿಯವರು ಎಪ್ಪತ್ತರ ದಶಕದ ಮೊದಲಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಡಲು ಒಂದಡಿ ಎತ್ತರದ ಸ್ಪೀಕರನ್ನು ರೂಪಿಸಿದರು, 1976ರಲ್ಲಿ ಅದರ ವರದಿಯನ್ನೂ ಪ್ರಕಟಿಸಿದರು. ಪರವಾನಗಿ ಪಡೆದು ರೋಜರ್ಸ್ ಮೊದಲಾದ ಕಂಪನಿಗಳು ಕಟ್ಟಿದವು. ಒಳಗಿನ ವೂಫರ್, ಟ್ವೀಟರ್ ಎರಡೂ ಇಂಗ್ಲೆಂಡಿನ ಮೇಡ್‌ಸ್ಟನ್ ಊರಿನ ಕೆಇಎಫ್ ಕಂಪನಿಯವು. ಟ್ವೀಟರಿನ ಹೆಸರು ಟಿ27, ಮುಕ್ಕಾಲು ಇಂಚಿನ ಪ್ಲಾಸ್ಟಿಕ್ ಗುಮ್ಮಟ, ಮಾಲ್ಕಮ್ ಜೋನ್ಸ್ ಎಂಬುವರ ವಿನ್ಯಾಸ. ಒಂದು ಟಿ27 ಇದ್ದ ಹಾಗೆ ಇನ್ನೊಂದು ಇರುತ್ತಿರಲಿಲ್ಲ, ಅಷ್ಟಿಷ್ಟು ಜೋರು ಮೆದು ಆಗುತ್ತಿತ್ತು. ಬಿಬಿಸಿಯವರು ಏನು ಮಾಡಿದರೆಂದರೆ, ಮೊದಲ ಹದಿನೈದು ಓಂ ಮಾದರಿಯ ಕ್ರಾಸೋವರಿನಲ್ಲಿ ಟ್ವೀಟರಿನ ಜೋರನ್ನು ಹಂತ ಹಂತವಾಗಿ ಹೊಂದಿಸುವ ಹಲವು ಟ್ಯಾಪುಗಳ ಆಟೋಟ್ರಾನ್ಸ್‌ಫಾರ್ಮರ್ ಇಟ್ಟರು. ಕಾರ್ಖಾನೆಯಲ್ಲಿ ಪ್ರತಿ ಟ್ವೀಟರಿಗೂ ತಕ್ಕ ಟ್ಯಾಪನ್ನು ಆರಿಸಿ ಬೆಸೆಯುತ್ತಿದ್ದರು. ಸುತ್ತ ಫೆಲ್ಟ್ ಪಟ್ಟಿಯ ಚೌಕಟ್ಟು, ಮೇಲೆ ತೂತುತೂತಿನ ಲೋಹದ ಮುಚ್ಚಳ. ಎರಡೂ ಅಲಂಕಾರಕ್ಕಲ್ಲ, ದನಿಯ ಲೆಕ್ಕದಲ್ಲಿ ಸೇರಿದವು. ಹೀಗೆ ಅಳೆದು ಕೂಡಿಸಿದ ಜಾಗಕ್ಕೆ ಬೇರೆ ಟ್ವೀಟರ್ ತಂದಿಡುವುದೆಂದರೆ ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡಂತೆ. ಚೌಕಟ್ಟು ಚಿನ್ನದ್ದಾದರೇನು, ಪವರ್ ನಿಮ್ಮದಲ್ಲ.

ಯಾವ ಸಂಖ್ಯೆಗಳು ಹೊಂದಬೇಕು? ಮೊದಲನೆಯದು ಓಂ. ಒಂದೇ ಕಂಡೆನ್ಸರಿರುವ ಸರಳ ಡಬ್ಬವನ್ನು ತೆಗೆದುಕೊಳ್ಳಿ. 6.8 ಮೈಕ್ರೋಫ್ಯಾರಡ್ ಕಂಡೆನ್ಸರ್ ಎಂಟು ಓಂನ ಟ್ವೀಟರಿಗೆ ಸುಮಾರು 2,900 ಹರ್ಟ್ಸಿನಿಂದ ಮೇಲಿನದನ್ನು ಬಿಡುತ್ತದೆ. ಅಲ್ಲಿ ನಾಲ್ಕು ಓಂನದನ್ನು ಕೂರಿಸಿದರೆ ಆ ಗೆರೆ 5,800ಕ್ಕೆ ಏರುತ್ತದೆ. ವೂಫರ್ ಮೂರು ಸಾವಿರದ ಹೊತ್ತಿಗೆ ಕೈಬಿಟ್ಟಿರುತ್ತದೆ, ಟ್ವೀಟರ್ ಆರು ಸಾವಿರದವರೆಗೆ ಪೂರ್ತಿ ಎದ್ದಿರುವುದಿಲ್ಲ. ಮಾತಿನ ಸ್ಪಷ್ಟತೆ ಇರುವುದೇ ಆ ನಡುವೆ.

ಎರಡನೆಯದು ಎಷ್ಟು ಜೋರು ಅನ್ನುವುದು. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಇದನ್ನು ಬರೆಯುತ್ತಾರೆ. ಹೊಸದು ಹಳೆಯದಕ್ಕಿಂತ ಮೂರು ಡೆಸಿಬೆಲ್ ಹೆಚ್ಚಿದ್ದರೆ ಅದಕ್ಕೆ ಎರಡು ಪಟ್ಟು ಶಕ್ತಿ ಕೊಟ್ಟ ಹಾಗೆ. ಅಂಗಡಿಯಲ್ಲಿ ಐದು ನಿಮಿಷ ಕೇಳಿದವರಿಗೆ ಅದು ‘ಕ್ಲಿಯರ್’ ಅನ್ನಿಸುತ್ತದೆ, ಮನೆಯಲ್ಲಿ ಒಂದು ಗಂಟೆ ಕೇಳಿದರೆ ತಲೆನೋವು. ಎಂಟು ಓಂನ ಟ್ವೀಟರಾದರೆ ಸರಣಿಯಲ್ಲಿ 2.2 ಓಂ, ಟ್ವೀಟರಿಗೆ ಅಡ್ಡಲಾಗಿ 18 ಓಂ ರೆಸಿಸ್ಟರ್ ಹಾಕಿದರೆ ಹೆಚ್ಚುಕಡಿಮೆ ಮೂರು ಡೆಸಿಬೆಲ್ ಇಳಿಯುತ್ತದೆ, ಕ್ರಾಸೋವರಿಗೆ ಕಾಣುವ ಓಂ ಎಂಟರ ಹತ್ತಿರವೇ ಉಳಿಯುತ್ತದೆ. ಜೋರನ್ನು ಇಳಿಸಲು ಹೀಗೆ ದಾರಿಯಿದೆ, ಮೆದುವನ್ನು ಏರಿಸಲು ಇಲ್ಲ. ಆದ್ದರಿಂದ ಬದಲಿ ಟ್ವೀಟರ್ ಹಳೆಯದರಷ್ಟೇ ಇಲ್ಲವೇ ತುಸು ಜೋರಾಗಿರಬೇಕು.

ಮೂರನೆಯದು ಅನುರಣನ. ಪ್ರತಿ ಗುಮ್ಮಟಕ್ಕೂ ತಾನಾಗಿ ಜೋರಾಗಿ ಅಲುಗುವ ಒಂದು ಆವರ್ತನವಿದೆ, ಸಾಮಾನ್ಯವಾಗಿ ಸಾವಿರದಿಂದ ಒಂದೂವರೆ ಸಾವಿರ ಹರ್ಟ್ಸ್. ಪಾಲಿನ ಗೆರೆ ಅದರ ಎರಡು ಪಟ್ಟಿನ ಮೇಲಾದರೂ ಇರಬೇಕು. ಕೆಳಗಿಳಿದರೆ ಟ್ವೀಟರ್ ಕಿರುಚಿಕೊಂಡು ಬೇಗ ಸಾಯುತ್ತದೆ.

ಈ ಮೂರನ್ನೂ ಬಿಟ್ಟು ಜನ ನೋಡುವುದು ವಾಟ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನೂರು ವಾಟ್ ಎಂದು ಬರೆದ ಪುಟ್ಟ ಟ್ವೀಟರುಗಳನ್ನು ನೀವೂ ನೋಡಿರುತ್ತೀರಿ. ಟ್ವೀಟರಿನ ಕಾಯಿಲ್ ತಾನೊಂದೇ ತಾಳುವುದು ಕೆಲವೇ ವಾಟ್. ದೊಡ್ಡ ಅಂಕೆ ಇಡೀ ಡಬ್ಬದ ಲೆಕ್ಕ, ಅದೂ ಕ್ರಾಸೋವರ್ ಇದ್ದಾಗ. ಹಳೆಯದು ಸುಟ್ಟದ್ದೂ ಬಹುಪಾಲು ವಾಟ್ ಸಾಲದೆ ಅಲ್ಲ. ಸಣ್ಣ ಆಂಪ್ಲಿಫೈಯರನ್ನು ಮದುವೆ ಮನೆಗೆಂದು ಮಿತಿ ಮೀರಿ ತಿರುಗಿಸಿದಾಗ ಅಲೆಗಳ ತಲೆ ಚಪ್ಪಟೆಯಾಗುತ್ತದೆ. ಮೂಲ ಹಾಡಿನಲ್ಲಿಲ್ಲದ ಮೇಲಿನ ಆವರ್ತನಗಳು ಹುಟ್ಟಿ ಎಲ್ಲ ಟ್ವೀಟರಿನ ಪಾಲಿಗೇ ಬರುತ್ತವೆ. ಆ ಅಭ್ಯಾಸ ಬಿಡದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಪ್ರೊಫೆಸರ ಡಬ್ಬಕ್ಕೆ ಬರೋಣ. ತೆಗೆದ ಹಳೆಯ ಟಿ27 ಎಲ್ಲಿ ಎಂದು ಕೇಳಿದೆ. ಕಸಕ್ಕೆ ಹೋಗಿತ್ತು. ಹೊಸದು ಕೂರಲೆಂದು ಫೆಲ್ಟನ್ನೂ ಕಿತ್ತು ಹಾಕಿದ್ದರು. ಮಾಲ್ಕಮ್ ಜೋನ್ಸ್ 1972ರಲ್ಲಿ ಕಟ್ಟಿದ ಫಾಲ್ಕನ್ ಅಕೂಸ್ಟಿಕ್ಸ್ ಈಗ ಟಿ27ನ್ನು ಮತ್ತೆ ತಯಾರಿಸುತ್ತದೆ. ಅಲ್ಲಿಂದ ತರಿಸಿದೆವು. ಇಂಥ ಅನುಕೂಲ ಎಲ್ಲ ಡಬ್ಬಕ್ಕೂ ಇಲ್ಲ, ಆದರೆ ಇನ್ನೊಂದು ಅನುಕೂಲ ಬಹುಪಾಲು ಎಲ್ಲರಿಗೂ ಇದೆ: ಜೋಡಿಯಲ್ಲಿ ಬದುಕಿರುವ ಇನ್ನೊಂದು ಟ್ವೀಟರ್. ಹೊಸದು ಎಷ್ಟು ಜೋರಿರಬೇಕು, ದನಿ ಎಲ್ಲಿ ಏರಿಳಿಯಬೇಕು ಎನ್ನುವುದಕ್ಕೆ ಅದೇ ಮಾದರಿ. ಅಳತೆಯ ಮೈಕು, ಲ್ಯಾಪ್‌ಟಾಪ್ ಇಟ್ಟುಕೊಂಡು ಎಡಗಡೆಯ ಹಳೆಯ ಟಿ27ನ ದನಿಯ ಏರಿಳಿತದ ಗೆರೆಯನ್ನು ಮೊದಲು ತೆಗೆದೆ. ಫೆಲ್ಟ್ ಕತ್ತರಿಸಿ ಅಂಟಿಸಿ, ಬಲಗಡೆಯ ಟ್ಯಾಪನ್ನು ಬದಲಿಸಿ, ಎರಡು ಗೆರೆಗಳು ಒಂದರ ಮೇಲೊಂದು ಕೂರುವ ತನಕ ಹೊಂದಿಸಿದೆ. ಎಡಗಡೆಯದನ್ನು ಮುಟ್ಟಲಿಲ್ಲ. ಬದಲಿಗೆ ಅದೇ ಮಾದರಿ ಸಿಗದೆ ಬೇರೆ ಜಾತಿಯದನ್ನು ಹಾಕಬೇಕಾದಾಗ ಮಾತ್ರ ಎರಡೂ ಕಡೆ ಒಟ್ಟಿಗೆ ಬದಲಿಸುತ್ತೇನೆ.

ಕೊನೆಯ ಪರೀಕ್ಷೆ ಮತ್ತೆ ಕಿವಿಯದೇ. ಸ್ಟೀರಿಯೊ ಬರುವ ಮುಂಚಿನ ಯಾವುದೋ ಹಳೆಯ ಹಾಡು ಹಾಕಿದೆ, ಇಬ್ಬರೂ ಡಬ್ಬಗಳ ನಟ್ಟ ನಡುವೆ ಕೂತರು. ಅಂಥ ಹಾಡಿನಲ್ಲಿ ಎರಡು ಕಡೆಗೂ ಬರುವುದು ಒಂದೇ ದನಿ, ಆದ್ದರಿಂದ ಹಾಡುವವರು ಕದಲದೆ ನಡುವೆ ನಿಲ್ಲಬೇಕು. ಪ್ರೊಫೆಸರು ಕಣ್ಣು ಮುಚ್ಚಿ ಕೇಳಿದರು. ಅವರ ಮನೆಯವರು ಸಕಾರಗಳನ್ನು ಎಣಿಸುತ್ತಿದ್ದರೆಂದು ಕಾಣುತ್ತದೆ. “ಈಗ ಓಡ್ತಿಲ್ಲ,” ಅಂದರು.

ನಮ್ಮ ಅಂಗಡಿಯ ಎರಡು ಕಟ್ಟಲೆಗಳನ್ನು ಹೇಳಿಬಿಡುತ್ತೇನೆ, ಬೇರೆಲ್ಲಿ ರಿಪೇರಿ ಮಾಡಿಸಿದರೂ ಕೇಳಿ ಪಡೆಯಿರಿ. ತೆಗೆದ ಟ್ವೀಟರನ್ನು, ಸುಟ್ಟಿದ್ದರೂ, ಚೀಲದಲ್ಲಿ ಹಾಕಿ ಗಿರಾಕಿಯ ಕೈಗೇ ಕೊಡುತ್ತೇನೆ. ಅದರ ತಟ್ಟೆ, ಮ್ಯಾಗ್ನೆಟ್, ಬೆನ್ನಿನ ಅಂಕೆ ಮುಂದೆ ಬೇಕಾಗುತ್ತವೆ. ಜೊತೆಗೆ ಡಬ್ಬದ ಒಳಗೋಡೆಗೆ ಒಂದು ಚೀಟಿ ಅಂಟಿಸುತ್ತೇನೆ: ಮೊದಲು ಏನಿತ್ತು, ಈಗ ಏನಿದೆ, ಯಾವ ಕಂಡೆನ್ಸರ್, ಯಾವ ರೆಸಿಸ್ಟರ್, ತಂತಿ ಯಾವ ಕಡೆಗೆ, ತಾರೀಕು. ಇನ್ನು ಮೂವತ್ತು ವರ್ಷಕ್ಕೆ ಅದನ್ನು ಬಿಚ್ಚುವವನು ನಾನಲ್ಲ. ಅವನಾದರೂ ಊಹೆಯಿಂದ ಶುರು ಮಾಡಬೇಕಾಗಿ ಬರಬಾರದು.